ಐವತ್ತನೆಯ ದಿನಕ್ಕೊಂದು ಮೀಸೆ

ಹೆಂಡತಿಯಾದವಳು ಹರಕೆ ಹೊರುವುದು ಲೋಕದಲ್ಲಿ ಹೊಸದೇನಲ್ಲ. ಗಂಡನ ಆರೋಗ್ಯಕ್ಕೆ, ಮಗಳ ಮದುವೆಗೆ, ಕಳೆದುಹೋದ ಓಲೆಗೆ ಹರಕೆ ಹೊತ್ತವರು ನಮ್ಮ ಮಧುರೆಯಲ್ಲಿ ಬೀದಿಗೆ ನೂರು ಜನ ಸಿಗುತ್ತಾರೆ. ಆದರೆ ಪರಪುರುಷನೊಬ್ಬನ (ಗಾಬರಿಯಾಗಬೇಡಿ, ಸಿನಿಮಾ ನಟ) ಪಿಕ್ಚರು ಐವತ್ತು ದಿನ ಓಡಲಿ ಅಂತ ಕಟ್ಟಿಕೊಂಡ ಗಂಡನ ಮೀಸೆಯನ್ನು ದೇವರಿಗೆ ಬರೆದುಕೊಟ್ಟ ಹೆಂಗಸು ಪಂಚವರ್ಣಂ ಒಬ್ಬಳೇ. ಅದೂ ಮೀಸೆಯ ಮಾಲೀಕನನ್ನು ಒಂದು ಮಾತೂ ಕೇಳದೆ.

ಮಾಲೀಕನ ಹೆಸರು ಮಾಯಾಂಡಿ. ವಯಸ್ಸು ಐವತ್ತಾರು, ಅದರಲ್ಲಿ ಮೀಸೆಯ ಸರ್ವೀಸು ಮೂವತ್ತೆಂಟು ವರ್ಷ. ಕೀಳಮಾಸಿ ಬೀದಿಯ ಹಿಂದಿನ ಸಂದಿಯಲ್ಲಿ ಮದುವೆ, ಗೃಹಪ್ರವೇಶ, ಕಿವಿ ಚುಚ್ಚುವ ಶಾಸ್ತ್ರಗಳಿಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ. ಆ ವ್ಯಾಪಾರ ಮಾಡಿದವರಿಗೆ ಗೊತ್ತು, ಪಾತ್ರೆ ಕೊಡುವುದು ಸುಲಭ, ವಾಪಸು ತರಿಸಿಕೊಳ್ಳುವುದು ಕಷ್ಟ. ಹೋಗುವಾಗ ಇದ್ದ ಸೌಟು ಬರುವಾಗ ಇರುವುದಿಲ್ಲ. ಹೋಗುವಾಗ ದುಂಡಗಿದ್ದ ಹಂಡೆ ಬರುವಾಗ ಸೊಟ್ಟಗಾಗಿರುತ್ತದೆ. ಮಾಯಾಂಡಿಯ ಅಂಗಡಿಯಲ್ಲಿ ಮಾತ್ರ ಹಾಗಾಗುತ್ತಿರಲಿಲ್ಲ. ಅವನು ಯಾರನ್ನೂ ಗದರುತ್ತಿರಲಿಲ್ಲ. ಮೀಸೆಯ ಬಲತುದಿಯನ್ನು ಒಮ್ಮೆ ಮೇಲಕ್ಕೆ ತಿರುವುತ್ತಿದ್ದ, ಅಷ್ಟೇ. ಮದುವೆ ಮನೆಯವರು ಮದುಮಗಳನ್ನು ಕಳಿಸಿಕೊಡುವುದು ತಡವಾದರೂ ಸೌಟುಗಳನ್ನು ಹೊತ್ತಿಗೆ ಸರಿಯಾಗಿ ಕಳಿಸುತ್ತಿದ್ದರು.

ಆ ಮೀಸೆಯ ಕೆಳಗೆ ಏನಿದೆ ಎಂಬುದು ರಾಜರಹಸ್ಯ. ಮಾಯಾಂಡಿಯ ಮೇಲ್ದುಟಿ ಗಿಡ್ಡ. ಮುಂದಿನ ಎರಡು ಹಲ್ಲು ಯಾವಾಗಲೂ ಹೊಸಿಲ ಮೇಲೆ ಬಂದು ನಿಂತಿರುತ್ತವೆ. ಎಡಗೆನ್ನೆಯಲ್ಲಿ ಒಂದು ಗುಳಿ ಬೇರೆ. ಪಾತ್ರೆ ಅಂಗಡಿಯವನಿಗೆ ಕೆನ್ನೆಯ ಗುಳಿಯಿಂದ ಯಾವ ಪ್ರಯೋಜನವೂ ಇಲ್ಲ. ಈ ರಹಸ್ಯ ಬಲ್ಲವಳು ಊರಿಗೆಲ್ಲ ಒಬ್ಬಳೇ, ಪಂಚವರ್ಣಂ. ಅವಳು ಅವನ ಸೋದರಮಾವನ ಮಗಳು, ಗಂಡನಾದ ಮೇಲೂ ಅವನನ್ನು ಕರೆಯುವುದು ಮಾಮ ಅಂತಲೇ. ಮೀಸೆ ಹುಟ್ಟುವ ಮೊದಲು ಇಬ್ಬರೂ ಒಂದೇ ಅಂಗಳದಲ್ಲಿ ಗೋಲಿ ಆಡಿದವರು, ಗೆದ್ದವಳು ಯಾವಾಗಲೂ ಅವಳೇ.

ಇನ್ನು ಪಂಚವರ್ಣಂ ವಿಷಯ. ಅಡುಗೆಯಲ್ಲಿ, ಮಾತಿನಲ್ಲಿ, ವ್ಯವಹಾರದಲ್ಲಿ ಅವಳನ್ನು ಮೀರಿಸುವವರು ಬೀದಿಯಲ್ಲಿಲ್ಲ. ದೌರ್ಬಲ್ಯ ಅಂತ ಇದ್ದದ್ದು ಒಂದೇ, ನಟ ಮುಗಿಲ್‌ರಾಜನ್. ಅವನಿಗೀಗ ಅರವತ್ತು ದಾಟಿದೆ. ಆದರೂ ಪಿಕ್ಚರಿನಲ್ಲಿ ಪುಸ್ತಕ ಹಿಡಿದು ಕಾಲೇಜಿಗೆ ಹೋಗುತ್ತಾನೆ, ಅಲ್ಲಿ ಪಾಠ ಮಾಡುವ ಮೇಷ್ಟ್ರು ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವನಿರುತ್ತಾನೆ. ಪಂಚವರ್ಣಂ ಅವನ ಅಭಿಮಾನಿ ಸಂಘದ ಮಹಿಳಾ ವಿಭಾಗದ ಅಧ್ಯಕ್ಷೆ. ಸದಸ್ಯೆಯರು ಮೂವತ್ತೆರಡು. ಅರ್ಧ ಜನರಿಗೆ ಮೊಣಕಾಲು ನೋವು, ಇನ್ನರ್ಧಕ್ಕೆ ಸಕ್ಕರೆ ಕಾಯಿಲೆ, ಉತ್ಸಾಹಕ್ಕೆ ಮಾತ್ರ ಯಾರಿಗೂ ಕೊರತೆಯಿಲ್ಲ.

ಉಳಿದ ಸಂಘದವರು ಕಟೌಟಿಗೆ ಕೊಡಗಟ್ಟಲೆ ಹಾಲು ಸುರಿದು ಬೀದಿಯೆಲ್ಲ ನೊಣ ಮಾಡುತ್ತಾರಲ್ಲ, ಮಹಿಳಾ ವಿಭಾಗದಲ್ಲಿ ಆ ಸಂಪ್ರದಾಯ ಇಲ್ಲ. ಕಟೌಟಿನ ಪಾದಕ್ಕೆ ಒಂದು ಸೌಟು ಹಾಲು ಶಾಸ್ತ್ರಕ್ಕೆ. ಮಿಕ್ಕಿದ್ದಕ್ಕೆ ಅಕ್ಕಿ ಬೆಲ್ಲ ಹಾಕಿ ಪಾಯಸ ಮಾಡಿ, ಟಿಕೆಟಿಗೆ ಸಾಲು ನಿಂತವರಿಗೂ ಪಕ್ಕದ ಹೆರಿಗೆ ಆಸ್ಪತ್ರೆಯ ಬಾಣಂತಿಯರಿಗೂ ಹಂಚುತ್ತಾರೆ. ಈ ಪದ್ಧತಿ ತಂದವಳು ಪಂಚವರ್ಣಮ್ಮನೇ. ಊರೇ ಅವಳನ್ನು ಹೊಗಳಿತು. ಹಂಡೆ, ಸೌಟು, ಬೋಗುಣಿ ಯಾರವು ಅಂತ ಮಾತ್ರ ಯಾರೂ ಕೇಳಲಿಲ್ಲ. ಮಾಯಾಂಡಿಯ ಮೊದಲನೆಯ ದುಃಖ ಅದು.

ಈ ಸಲ ಪೊಂಗಲ್ ಹಬ್ಬಕ್ಕೆ ಮುಗಿಲ್‌ರಾಜನ್‌ನ ಹೊಸ ಪಿಕ್ಚರು ಬಂತು, ‘ಸುಂಗಚ್ಚಾವಡಿ ಸೋಮು’. ಸುಂಗಚ್ಚಾವಡಿ ಅಂದರೆ ಟೋಲ್‌ಗೇಟು, ಅಲ್ಲಿ ಕೆಲಸ ಮಾಡುವ ಅಣ್ಣನೊಬ್ಬನ ಕಥೆ. ಪತ್ರಿಕೆಯವರು ಹಿಗ್ಗಾಮುಗ್ಗಾ ಬೈದರು. ನಾಯಕರು ಕುಣಿಯುವ ಮುಂಚೆ ವೈದ್ಯರ ಸಲಹೆ ಪಡೆಯುವುದು ಒಳ್ಳೆಯದು ಅಂತ ಒಬ್ಬ ಬರೆದ. ಎರಡನೆಯ ವಾರಕ್ಕೆ ಊರಿನ ಎಲ್ಲ ಥಿಯೇಟರುಗಳಿಂದಲೂ ಪಿಕ್ಚರು ಎದ್ದುಹೋಯಿತು. ಉಳಿದದ್ದು ಹಳೆಯ ಅಂಗಯರ್ಕಣ್ಣಿ ಟಾಕೀಸಿನಲ್ಲಿ ಮಾತ್ರ, ಅದೂ ಬೆಳಗಿನ ಆಟ ಒಂದೇ. ಮಾಯಾಂಡಿ ಆ ಸುದ್ದಿಯನ್ನು ಎರಡು ಸಲ ಓದಿ, ಪತ್ರಿಕೆಯನ್ನು ಹೆಂಡತಿಗೆ ಕಾಣುವ ಹಾಗೆ ಮಡಿಸಿಟ್ಟು, ಅಂಗಡಿಗೆ ಹೋದ. ಅವತ್ತು ಅವನು ಸಿಳ್ಳೆ ಹಾಕುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಸಿಳ್ಳೆ ನಿಂತದ್ದು ಎರಡು ದಿನಕ್ಕೆ. ಊರ ಕಾವಲು ದೇವರು ಕರುಪ್ಪಣ್ಣಸಾಮಿಯ ಗುಡಿಯ ಪೂಜಾರಿ ಅಂಗಡಿಗೆ ಬಂದ. ಪೊಂಗಲ್ ಬೇಯಿಸುವ ಹಂಡೆ ಬೇಕಿತ್ತಂತೆ. ಆದರೆ ಹಂಡೆ ನೋಡುವುದು ಬಿಟ್ಟು ಮಾಯಾಂಡಿಯ ಮುಖವನ್ನೇ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಅಳತೆ ಮಾಡುತ್ತ ನಿಂತ. ಕೊನೆಗೆ, ಇಷ್ಟು ದಪ್ಪನೆಯದಕ್ಕೆ ಗುಡಿಯ ಕತ್ತಿ ಸಾಲದು ಅಣ್ಣಾಚಿ, ಸಾಣೆ ಹಿಡಿಸಿಡುತ್ತೇನೆ, ಯಾವಾಗ ಬರುತ್ತೀರಿ ಅಂತ ವಿನಯದಿಂದ ಕೇಳಿದ. ಹೀಗೆ ಹರಕೆಯ ಸುದ್ದಿ ತಿಳಿಯಬೇಕಾದ ಎಲ್ಲರಿಗೂ ತಿಳಿದು, ಕಟ್ಟಕಡೆಗೆ ಮಾಯಾಂಡಿಗೂ ತಿಳಿಯಿತು.

ಅವನು ಅಂಗಡಿಯನ್ನು ತೆರೆದಂತೆಯೇ ಬಿಟ್ಟು ಮನೆಗೆ ಬಂದ. ಪಂಚವರ್ಣಂ ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದಳು.

"ನನ್ನ ಮೀಸೆ ಮೇಲೆ ಹರಕೆ ಹೊರೋಕೆ ನೀನ್ಯಾರೇ?"

"ನಿಮ್ಮ ಹೆಂಡ್ತಿ. ನಿಮಗೆ ಟೈಫಾಯ್ಡ್ ಬಂದಾಗ ನನ್ನ ಕೂದಲು ಕೊಡ್ತೀನಿ ಅಂತ ಹೊತ್ಕೊಂಡೆನಲ್ಲ, ಆಗ ಕೇಳಿದ್ರಾ ನೀನ್ಯಾರು ಅಂತ? ತಲೆ ಬೋಳಿಸ್ಕೊಂಡು ಆರು ತಿಂಗಳು ಓಡಾಡಿದೆ."

"ಅದು ಪ್ರಾಣದ ವಿಷಯ ಕಣೇ."

"ಇದೂ ಪ್ರಾಣದ ವಿಷಯಾನೇ ಮಾಮ. ಮುಗಿಲ್‌ರಾಜನ್ ಅಣ್ಣಂದು."

"ಹಾಗಾದ್ರೆ ಈ ಸಲಾನೂ ನಿನ್ನ ಕೂದಲೇ ಕೊಡು."

"ಕೂದಲು ಎಲ್ರೂ ಕೊಡ್ತಾರೆ. ದೇವರು ತಲೆ ಎತ್ತಿ ನೋಡಬೇಕಲ್ಲ? ನಮ್ಮನೇಲಿ ಇರೋದ್ರಲ್ಲಿ ಎಲ್ಲಕ್ಕಿಂತ ಬೆಲೆಬಾಳೋದು ಏನಿದೆ ಅಂತ ಯೋಚನೆ ಮಾಡಿದೆ."

ಈ ಮಾತಿಗೆ ಸಿಟ್ಟು ಮಾಡಬೇಕೋ ಸಂತೋಷಪಡಬೇಕೋ ಮಾಯಾಂಡಿಗೆ ಹೊಳೆಯಲಿಲ್ಲ. ಕರುಪ್ಪನಿಗೇ ಕಿವಿಯಿಂದ ಕಿವಿಗೆ ಮೀಸೆ ಇದೆ, ಇನ್ನೊಬ್ಬರದು ಯಾಕೆ ಅಂತ ವಾದ ಹೂಡಿದ. ಇದ್ದವರಿಗೇ ಅದರ ಬೆಲೆ ಗೊತ್ತಿರುವುದು ಅಂತ ಅವಳು ಉತ್ತರ ಕೊಟ್ಟಳು. ಹರಕೆ ವಾಪಸು ತೆಗೆದುಕೋ ಅಂದ. ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪಿಟ್ಟಾಗಿದೆ, ಕಾವಲು ದೇವರ ಹತ್ತಿರ ಚೌಕಾಸಿ ಮಾಡಿದರೆ ಮನೆಗೆ ಒಳ್ಳೆಯದಲ್ಲ ಅಂದಳು. ಅಲ್ಲಿಗೆ ಮಾತು ಮುಗಿಯಿತು. ಕರುಪ್ಪಣ್ಣಸಾಮಿಯ ವಿಷಯದಲ್ಲಿ ನಮ್ಮ ಕಡೆ ಯಾರೂ ತಮಾಷೆ ಮಾಡುವುದಿಲ್ಲ, ಮಾಯಾಂಡಿಯಂತೂ ಆ ಗುಡಿಯ ಮುಂದೆ ಸೈಕಲ್ ಮೇಲೆ ಹೋಗುವಾಗಲೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುವವನು.

ಇನ್ನು ಉಳಿದದ್ದು ಒಂದೇ ದಾರಿ. ಪಿಕ್ಚರು ಐವತ್ತು ದಿನ ಓಡದಿದ್ದರೆ ಹರಕೆಯೂ ಇಲ್ಲ, ಕತ್ತಿಯೂ ಇಲ್ಲ.

ಅಂಗಯರ್ಕಣ್ಣಿ ಟಾಕೀಸಿನ ಮ್ಯಾನೇಜರು ಸೇದುರಾಮನ್ ಹಳೆಯ ಕಾಲದ ಮನುಷ್ಯ, ನಿಯಮ ಅಂದರೆ ನಿಯಮ. ಆಟಕ್ಕೆ ಹತ್ತು ಟಿಕೆಟ್ ಹೋಗಬೇಕು. ಒಂಬತ್ತಾದರೆ ಪ್ರೊಜೆಕ್ಟರಿನ ಹೊದಿಕೆ ತೆಗೆಯುವುದಿಲ್ಲ. ಒಂದು ದಿನ ಆಟ ತಪ್ಪಿದರೂ ದಿನಗಳ ಲೆಕ್ಕ ಅಲ್ಲಿಗೆ ನಿಂತಿತು. ಹೀಗೆ ಹೇಳಿ ಅವರು ಪಂಚವರ್ಣಮ್ಮನ ಕೈಗೆ ಒಂದು ಲೋಟ ಪರುತ್ತಿಪಾಲ್, ಅಂದರೆ ಹತ್ತಿಬೀಜದ ಬಿಸಿ ಹಾಲು, ಕೊಟ್ಟು ಸಮಾಧಾನ ಮಾಡಿ ಕಳಿಸಿದರಂತೆ.

ಆಗ ನೋಡಬೇಕಿತ್ತು ಮಹಿಳಾ ವಿಭಾಗವನ್ನು. ನಾನು ಯಾರನ್ನೂ ಸುಮ್ಮನೆ ಹೊಗಳುವವನಲ್ಲ, ಆದರೆ ಒಪ್ಪಲೇಬೇಕು, ಸರ್ಕಾರದ ಯಾವ ಇಲಾಖೆಯೂ ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದನ್ನು ಕಂಡಿಲ್ಲ. ಮೂವತ್ತೆರಡು ಹೆಂಗಸರನ್ನು ಪಂಚವರ್ಣಂ ಮೂರು ತಂಡ ಮಾಡಿದಳು. ದಿನಕ್ಕೊಂದು ತಂಡ, ಸರದಿಯ ಪ್ರಕಾರ. ತಂಡಕ್ಕೆ ಹತ್ತೇ ಜನ, ಮಿಕ್ಕ ಇಬ್ಬರು ಆಪತ್ಕಾಲಕ್ಕೆ. ಮೊಣಕಾಲು ನೋವಿನವರಿಗೆ ಬಾಗಿಲ ಹತ್ತಿರದ ಸೀಟು. ಸಕ್ಕರೆ ಕಾಯಿಲೆಯವರಿಗೆ ಹೊತ್ತಿಗೆ ಸರಿಯಾಗಿ ಇಡ್ಲಿ ಪೊಟ್ಟಣ. ಚೆಲ್ಲತ್ತಾಯಿ ಅಂತ ಒಬ್ಬಾಕೆ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ಮಾರನೆಯ ದಿನವೇ ಸರದಿಗೆ ಹಾಜರಾದಳು. ಕಣ್ಣಿಗೆ ಪಟ್ಟಿ ಇದ್ದರೇನಂತೆ, ಕಿವಿಗೆ ಏನಾಗಿದೆ ಅಂತ ಅವಳ ವಾದ. ಒಂದೇ ಪಿಕ್ಚರನ್ನು ಹದಿನೈದು ಸಲ ನೋಡಿ, ಹದಿನೈದು ಸಲವೂ ಅದೇ ಜಾಗದಲ್ಲಿ ಹೊಸದಾಗಿ ಅಳುವುದು ಸುಲಭದ ಮಾತಲ್ಲ. ನಮಗೆ ಸಂಬಂಧಿಕರ ಮದುವೆ ಸೀಡಿ ಎರಡನೆಯ ಸಲ ನೋಡುವುದೇ ಕಷ್ಟ.

ಮೂವತ್ತು ದಿನವಾಯಿತು. ಮೂವತ್ತೈದಾಯಿತು. ಮಾಯಾಂಡಿ ರಾತ್ರಿ ನಿದ್ದೆಯಲ್ಲಿ ಕೈಯಿಂದ ಮೇಲ್ದುಟಿ ಮುಚ್ಚಿಕೊಳ್ಳತೊಡಗಿದ. ಗಿರಾಕಿಗಳ ಮುಂದೆ ಪಿಕ್ಚರನ್ನು ಬೈದು ನೋಡಿದ. ಯಾರೂ ನೋಡದ ಪಿಕ್ಚರನ್ನು ಬೈದರೆ ಯಾರಿಗೆ ನಷ್ಟ? ಸೇದುರಾಮನ್‌ರ ಹತ್ತಿರ ಹೋಗಿ, ನಿಮ್ಮ ಥಿಯೇಟರಿನ ಮರ್ಯಾದೆಗೆ ಇಂಥ ಪಿಕ್ಚರು ಶೋಭೆಯಲ್ಲ ಅಂತ ತಿಳಿಹೇಳಿದ. ಅವರು ಮೀಸೆಯನ್ನೇ ನೋಡುತ್ತ, ಪಾಪ, ಇನ್ನೆಷ್ಟು ದಿನ ಅಂದರು. ಸುದ್ದಿ ಅಲ್ಲಿಗೂ ಹೋಗಿತ್ತು. ಹೋದಲ್ಲೆಲ್ಲ ಜನ ಅವನ ಮುಖವನ್ನು ರೈಲು ಹತ್ತುವವರನ್ನು ನೋಡುವ ಹಾಗೆ ನೋಡುತ್ತಿದ್ದರು.

ನಲವತ್ತೈದನೆಯ ದಿನ ಅವನಿಗೆ ಜ್ಞಾನೋದಯವಾಯಿತು. ಐವತ್ತನೆಯ ದಿನ ಮಾಸಿ ತಿಂಗಳ ಶುಕ್ರವಾರ, ದೊಡ್ಡ ಮುಹೂರ್ತ. ಊರಿನಲ್ಲಿ ಮೂರು ದೊಡ್ಡ ಮದುವೆಗಳು, ಮೂರಕ್ಕೂ ಪಾತ್ರೆ ಹೋಗುವುದು ಇವನ ಅಂಗಡಿಯಿಂದಲೇ. ಅಡುಗೆ ಭಟ್ಟರು ಬಂದಾಗ ತರಕಾರಿ ಹೆಚ್ಚುವುದಕ್ಕೆ, ಬಡಿಸುವುದಕ್ಕೆ ಕೈಗಳು ಸಾಲುತ್ತಿಲ್ಲ ಅಂತ ಗೋಳಾಡುವುದು ಪದ್ಧತಿ. ಈ ಸಲ ಮಾಯಾಂಡಿ ಅವರ ಕಷ್ಟಕ್ಕೆ ಕರಗಿಹೋದ. ಒಳ್ಳೆಯ ಕೈಗಳನ್ನು ನಾನು ಹೇಳುತ್ತೇನೆ ಬರೆದುಕೊಳ್ಳಿ ಅಂತ ಮಹಿಳಾ ವಿಭಾಗದ ಸದಸ್ಯೆಯರ ಹೆಸರು, ಮನೆ ಗುರುತು ಎಲ್ಲ ಕೊಟ್ಟ. ಕೂಲಿಯ ಜೊತೆಗೆ ಒಂದೊಂದು ಸೀರೆಯನ್ನೂ ಕೊಟ್ಟರೆ ಇಲ್ಲ ಅನ್ನುವುದಿಲ್ಲ ಅಂತ ಗುಟ್ಟಾಗಿ ಸೂಚಿಸಿದ. ಇಪ್ಪತ್ತಮೂರು ಜನ ಒಪ್ಪಿಕೊಂಡರು. ಅವರನ್ನು ದೂರಬಾರದು, ಮುಗಿಲ್‌ರಾಜನ್ ಎಷ್ಟು ದೊಡ್ಡವನಾದರೂ ಸೀರೆ ಕೊಡುವುದಿಲ್ಲ.

ಮೂವತ್ತೆರಡರಲ್ಲಿ ಇಪ್ಪತ್ತಮೂರು ಕಳೆದರೆ ಒಂಬತ್ತು. ಈ ಲೆಕ್ಕವನ್ನು ಮಾಯಾಂಡಿ ಬೆರಳಿನಲ್ಲಿ, ಕಾಗದದಲ್ಲಿ, ಕೊನೆಗೆ ಸೌಟುಗಳನ್ನು ಸಾಲಾಗಿ ಜೋಡಿಸಿ, ಮೂರು ಸಲ ಮಾಡಿದ. ಮೂರು ಸಲವೂ ಒಂಬತ್ತೇ ಬಂತು.

ಆ ಶುಕ್ರವಾರ ಬೆಳಿಗ್ಗೆ ಪಂಚವರ್ಣಂ ಎಂದಿನಂತೆ ತಲೆಗೆ ಸ್ನಾನ ಮಾಡಿ, ಮೊಳ ಮಲ್ಲಿಗೆ ಮುಡಿದು, ಇಡ್ಲಿ ಪೊಟ್ಟಣ ಕಟ್ಟಿಕೊಂಡು ಹೊರಟಳು. ಮುಖದಲ್ಲಿ ಚಿಂತೆಯೇನೂ ಕಾಣಲಿಲ್ಲ. ಅಂಗಡಿಗೆ ಹೋಗುವಾಗ ಬಾಗಿಲು ಸರಿಯಾಗಿ ಹಾಕಿಕೊಳ್ಳಿ ಅಂತಷ್ಟೇ ಹೇಳಿದಳು. ಪಾಪ, ಅವಳಿಗೆ ಎಣಿಸಲು ಬರುವುದಿಲ್ಲ ಅಂತ ಮಾಯಾಂಡಿಗೆ ಒಂದು ಕ್ಷಣ ಕನಿಕರವೂ ಆಯಿತು.

ಅಂಗಡಿಯಲ್ಲಿ ಅವನಿಗೆ ಕುಳಿತರೆ ಕೂರಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ. ಅಲ್ಲಿ ಏನಾಗುತ್ತಿದೆಯೋ? ದಾರಿಯಲ್ಲಿ ಹೋಗುವ ಯಾವನಾದರೂ ಬಿಸಿಲಿಗೆ ಒಳಗೆ ನುಗ್ಗಿಬಿಟ್ಟರೆ? ಹತ್ತೂಕಾಲಿಗೆ ತಲೆಗೆ ಟವೆಲ್ ಸುತ್ತಿಕೊಂಡು ಟಾಕೀಸಿನ ಮುಂದೆ ನಿಂತಿದ್ದ. ಆವರಣ ಬಿಕೋ ಅನ್ನುತ್ತಿತ್ತು. ಆದರೆ ಒಳಗೆ ಎಷ್ಟು ಜನರಿದ್ದಾರೆ ಅಂತ ಹೊರಗಿನಿಂದ ತಿಳಿಯುವುದು ಹೇಗೆ? ಬಾಗಿಲು ಕಾಯುವವನನ್ನು ಕೇಳಿದ, ಅವನು ಟಿಕೆಟ್ ಇಲ್ಲದವರಿಗೆ ಮಾಹಿತಿ ಇಲ್ಲ ಅಂದ. ಒಂದು ಸಲ ಇಣುಕಿ ಬರುತ್ತೇನೆ ಅಂದ, ಅವನು ಅಡ್ಡಗೈ ಹಿಡಿದ. ಮೀಸೆಗಿಂತ ಟಿಕೆಟ್ ದೊಡ್ಡದೇ ಅಂದುಕೊಂಡು ಮಾಯಾಂಡಿ ಕೌಂಟರಿಗೆ ಹೋಗಿ ಒಂದು ಟಿಕೆಟ್ ತೆಗೆದುಕೊಂಡ.

ಕೌಂಟರಿನ ಒಳಗಿನಿಂದ ಸೇದುರಾಮನ್‌ರ ಧ್ವನಿ ಕೇಳಿಸಿತು. "ಹತ್ತು ಟಿಕೆಟ್ ಆಯ್ತು. ಬೆಲ್ ಹೊಡೀರಪ್ಪ."

ಬೆಲ್ ಹೊಡೆಯಿತು. ಟಿಕೆಟನ್ನು ವಾಪಸು ತಳ್ಳಲು ಮಾಯಾಂಡಿ ಕಿಂಡಿಯೊಳಗೆ ಕೈ ಹಾಕುವಷ್ಟರಲ್ಲಿ ಕಿಂಡಿ ಮುಚ್ಚಿತು. ಬಾಗಿಲು ಕಾಯುವವನು ಈಗ ಬಹಳ ಮರ್ಯಾದೆಯಿಂದ ಟಿಕೆಟ್ ಹರಿದು, ಬನ್ನಿ ಅಣ್ಣಾಚಿ, ಎಲ್ಲಿ ಬೇಕಾದರೂ ಕೂತುಕೊಳ್ಳಿ, ಎಂಟುನೂರು ಸೀಟಿದೆ ಅಂದ.

ಹಣ ಕೊಟ್ಟಾಗಿದೆ, ಮೀಸೆಯೂ ಹೋದಂತೆಯೇ. ಹಿಂದಿನ ಸಾಲಿನಲ್ಲಿ ಕುಸಿದು ಕೂತ. ಮುಂದೆ ದೂರದಲ್ಲಿ ಒಂಬತ್ತು ತಲೆ, ಒಂಬತ್ತು ಮೊಳ ಮಲ್ಲಿಗೆ. ಘಮ ಇಲ್ಲಿಯವರೆಗೂ ಬರುತ್ತಿತ್ತು. ಪರದೆಯ ಮೇಲೆ ಮುಗಿಲ್‌ರಾಜನ್ ಕುಣಿದ, ಹೊಡೆದ, ಉಸಿರು ತೆಗೆದುಕೊಂಡು ಮತ್ತೆ ಕುಣಿದ. ಮಾಯಾಂಡಿ ಮನಸ್ಸಿನಲ್ಲೇ ಅವನ ವಂಶವನ್ನೆಲ್ಲ ಜಾಲಾಡಿದ.

ಆಮೇಲೆ ಆ ದೃಶ್ಯ ಬಂತು. ಪೊಂಗಲ್ ಹಬ್ಬ. ಸೋಮು ತಂಗಿಯ ಮನೆಗೆ ತವರಿನ ಉಡುಗೊರೆ ತರುತ್ತಾನೆ. ಬಸ್ಸು ಸಿಗದೆ ಹನ್ನೆರಡು ಮೈಲಿ ನಡೆದಿದ್ದಾನೆ. ತಲೆಯ ಮೇಲೆ ಹೊಸ ಅಕ್ಕಿಯ ಮೂಟೆ, ಹೆಗಲಿಗೆ ಕಬ್ಬು, ಕೈಯಲ್ಲಿ ಹಿತ್ತಾಳೆ ಪಾತ್ರೆ, ಬೇರು ಸಮೇತ ಅರಿಶಿನದ ಗಿಡ. ತಂಗಿಯ ಗಂಡ ಜಗುಲಿಯ ಮೇಲೆ ಕೂತು, ದಪ್ಪ ಮೀಸೆಯನ್ನು ತಿರುವುತ್ತ, ಟೋಲ್‌ಗೇಟಿನವನಿಗೆ ಒಳಗೆ ಏನು ಕೆಲಸ, ಅಲ್ಲೇ ಇಟ್ಟು ಹೋಗು ಅನ್ನುತ್ತಾನೆ. ಸೋಮು ಕೋಪ ಮಾಡುವುದಿಲ್ಲ. ನಗುನಗುತ್ತ ಬಿಸಿಲಿನಲ್ಲಿ ನಿಂತಿರುತ್ತಾನೆ, ಒಳಗಿನಿಂದ ತಂಗಿಯ ಮುಖ ಒಮ್ಮೆ ಕಂಡರೆ ಸಾಕು ಅಂತ.

ಆಗ ಮುಂದಿನ ಸಾಲಿನಲ್ಲಿ ಪಂಚವರ್ಣಂ ಎದ್ದು ನಿಂತಳು.

"ಒಳಗೆ ಬಾ ಅಣ್ಣ," ಅಂದಳು ಪರದೆಗೆ. "ಯಾಕೆ ಬಿಸಿಲಲ್ಲಿ ನಿಂತ್ಕೋತೀಯ? ನಮ್ಮನೆಗೆ ಬಾ."

ಐವತ್ತೆರಡು ವರ್ಷದ ಹೆಂಗಸು. ಯಾರೂ ನಗಲಿಲ್ಲ. ಎಂಟು ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರು, ಚೆಲ್ಲತ್ತಾಯಿ ಕಣ್ಣಿನ ಪಟ್ಟಿಯನ್ನು ಸರಿಸಿ ಒರೆಸಿಕೊಂಡಳು.

ಮಾಯಾಂಡಿ ಪರದೆ ಬಿಟ್ಟು ಹೆಂಡತಿಯನ್ನೇ ನೋಡಿದ. ಪಂಚವರ್ಣಮ್ಮನಿಗೆ ಅಣ್ಣತಮ್ಮಂದಿರಿಲ್ಲ. ಹತ್ತೊಂಬತ್ತಕ್ಕೆ ಅಪ್ಪನೂ ಹೋದರು. ಮದುವೆಯಾಗಿ ಮೂವತ್ತೊಂದು ಪೊಂಗಲ್ ಬಂದುಹೋದವು. ಪ್ರತಿ ಪೊಂಗಲ್ಲಿಗೂ ಬೀದಿಯ ಮನೆಮನೆಗೆ ಅಣ್ಣಂದಿರು ಕಬ್ಬು ಹೊತ್ತು ಬರುತ್ತಾರೆ, ಪಂಚವರ್ಣಂ ಬಾಗಿಲಲ್ಲಿ ರಂಗೋಲಿ ಹಾಕುವ ನೆಪದಲ್ಲಿ ಬಹಳ ಹೊತ್ತು ಕೂತಿರುತ್ತಾಳೆ. ಆಮೇಲೆ ಕೈ ತೊಳೆದುಕೊಂಡು, ಮಧ್ಯಾಹ್ನದ ಆಟಕ್ಕೆ ಮುಗಿಲ್‌ರಾಜನ್‌ನ ಪಿಕ್ಚರಿಗೆ ಹೋಗಿಬಿಡುತ್ತಾಳೆ. ಹಬ್ಬದ ದಿನವೂ ಇವಳಿಗೆ ಸಿನಿಮಾ ಹುಚ್ಚು ಅಂತ ಅವನು ಮೂವತ್ತೊಂದು ವರ್ಷವೂ ಬೈದಿದ್ದ. ಜಗುಲಿಯ ಮೇಲೆ ಕೂತು, ಮೀಸೆ ತಿರುವುತ್ತಲೇ ಬೈದಿದ್ದ. ಪರದೆಯ ಮೇಲೆ ತಂಗಿಯ ಗಂಡನ ಮೀಸೆ ತನ್ನ ಮೀಸೆಯ ಹಾಗೆಯೇ ಇದೆಯಲ್ಲ ಅನ್ನಿಸಿದ್ದೇ ತಡ, ಅವನಿಗೆ ಅಳು ತಡೆಯಲಾಗಲಿಲ್ಲ. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬೇಡ ಅಂತ ಹಿರಿಯರು ಹೇಳಿದ್ದಾರೆ, ನಿಜ. ಆದರೆ ಆ ಕತ್ತಲಲ್ಲಿ, ಖಾಲಿ ಸೀಟುಗಳ ನಡುವೆ, ಟವೆಲ್ ಕಚ್ಚಿಕೊಂಡು ಅತ್ತ ಆ ಮನುಷ್ಯನನ್ನು ನೀವು ನಂಬಬಹುದು.

ಪಿಕ್ಚರು ಮುಗಿಯುವ ಹೊತ್ತಿಗೆ ಅವನು ಎಲ್ಲ ನಿರ್ಧಾರ ಮಾಡಿಯಾಗಿತ್ತು. ದೀಪ ಹತ್ತುವ ಮೊದಲೇ ಹೊರಗೆ ಬಂದು ನೇರವಾಗಿ ಕರುಪ್ಪಣ್ಣಸಾಮಿ ಗುಡಿಗೆ ನಡೆದ. ಯಾರೂ ಎಳೆದು ತರುವುದು ಬೇಡ, ಕೊಡುವುದನ್ನು ಸಂತೋಷದಿಂದ ಕೊಡುತ್ತೇನೆ, ಮೊದಲ ಸಲ ಅವಳ ತವರಿನ ಕಡೆಗೆ ನನ್ನ ಮನೆಯಿಂದಲೂ ಒಂದು ಮರ್ಯಾದೆ ಸಲ್ಲಲಿ ಅಂತ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಗುಡಿಯಲ್ಲಿ ಪೂಜಾರಿ ಇರಲಿಲ್ಲ, ಮದುವೆ ಊಟಕ್ಕೆ ಹೋಗಿದ್ದ. ಕ್ಷೌರದವನೊಬ್ಬನೇ ಬೇವಿನ ಮರದ ಕೆಳಗೆ ತೂಕಡಿಸುತ್ತಿದ್ದ. ಎಬ್ಬಿಸಿ ಮುಂದೆ ಕೂತ. ಅವನು ಮುಖ ನೋಡಿ, ಕೈ ಮುಗಿದು, ಕೇಳಿದ. "ಪೂರ್ತಿನಾ ಅಣ್ಣಾಚಿ?"

"ಪೂರ್ತಿ."

ಮೂವತ್ತೆಂಟು ವರ್ಷದ ಆಸ್ತಿ ಎರಡು ನಿಮಿಷದಲ್ಲಿ ಬಾಳೆಎಲೆಯ ಮೇಲೆ ಬಂದು ಬಿತ್ತು. ಮೇಲ್ದುಟಿಗೆ ಗಾಳಿ ತಗುಲಿ ತಣ್ಣಗಾಯಿತು. ಕ್ಷೌರದವನು ಕನ್ನಡಿ ಹಿಡಿದ. ಐವತ್ತಾರು ವರ್ಷದ ಮೈಯ ಮೇಲೆ ಹದಿನಾಲ್ಕು ವರ್ಷದ ಮುಖವೊಂದು, ಎರಡು ಹಲ್ಲು ಮುಂದೆ ಮಾಡಿಕೊಂಡು, ಗಾಬರಿಯಿಂದ ನೋಡುತ್ತಿತ್ತು. ಆ ಮುಖ ನೋಡಿದರೆ ಯಾವ ಮದುವೆ ಮನೆಯವನೂ ಇನ್ನು ಒಂದು ಸೌಟನ್ನೂ ವಾಪಸು ತರುವುದಿಲ್ಲ ಅಂತ ಮಾಯಾಂಡಿಗೆ ಖಚಿತವಾಯಿತು. ಆದರೂ ಎದೆಯೊಳಗೆ ಹಗುರವಾಗಿತ್ತು.

ಅಷ್ಟರಲ್ಲಿ ಮಹಿಳಾ ವಿಭಾಗ ತೆಂಗಿನಕಾಯಿ, ಹಾರ ಹಿಡಿದು ಗುಡಿಗೆ ಬಂತು. ಐವತ್ತನೆಯ ದಿನದ ಪೂಜೆಗೆ. ಮರದ ಕೆಳಗೆ ಕೂತವನು ಯಾರು ಅಂತ ಮೊದಲು ಯಾರಿಗೂ ಗುರುತು ಸಿಗಲಿಲ್ಲ. ಚೆಲ್ಲತ್ತಾಯಿ, ಯಾರಪ್ಪ ಈ ಹುಡುಗ ಅಂತ ಕೇಳಿಯೇಬಿಟ್ಟಳು. (ಅವಳ ಒಂದು ಕಣ್ಣಿಗೆ ಪಟ್ಟಿ ಇತ್ತು, ಕ್ಷಮಿಸಬೇಕು.) ಪಂಚವರ್ಣಂ ಮಾತ್ರ ಇದ್ದಲ್ಲೇ ನಿಂತುಬಿಟ್ಟಳು. ಕೈಯಲ್ಲಿದ್ದ ಕಾಯಿ ಜಾರಿ ಕೆಳಗೆ ಬಿತ್ತು. ಆಮೇಲೆ ಅವಳು ಗುಡಿಯ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಣಿಯುವ ಹಾಗೆ ನಗತೊಡಗಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು.

"ಯಾಕೆ ಮಾಮ ತೆಗೆಸಿದ್ರಿ?" ಅಂದಳು ಸುಧಾರಿಸಿಕೊಂಡು.

"ಹರಕೆ ಅಲ್ವೇನೇ? ನಿನ್ನ ಅಣ್ಣಂದು ಐವತ್ತು ದಿನ ಆಯ್ತಲ್ಲ." ಧ್ವನಿ ಗಂಭೀರವಾಗಿಯೇ ಇತ್ತು, ಮುಖ ಮಾತ್ರ ಅದಕ್ಕೆ ಒಪ್ಪುತ್ತಿರಲಿಲ್ಲ.

"ಹರಕೆ ಮಂಗಳವಾರವೇ ತೀರಿಸಿದೆ. ಕಣ್ಣುನೋವು ಬಂದವರು ಬೆಳ್ಳಿ ಕಣ್ಣು ಹಾಕ್ತಾರಲ್ಲ, ಹಾಗೆ ಬೆಳ್ಳಿ ತಗಡಿನ ಮೀಸೆ ಮಾಡ್ಸಿ ಹುಂಡಿಗೆ ಹಾಕ್ದೆ. ಪೂಜಾರಿನೇ ಆಗುತ್ತೆ ಅಂದ್ರು. ನಿಮ್ಮ ಮೀಸೆ ತೆಗೆಸೋಕೆ ನನಗೇನು ಹುಚ್ಚಾ?"

ಮಾಯಾಂಡಿಯ ಕೈ ಅಭ್ಯಾಸಬಲದಿಂದ ಮೇಲ್ದುಟಿಗೆ ಹೋಯಿತು. ತಿರುವಲು ಅಲ್ಲಿ ಏನೂ ಇರಲಿಲ್ಲ. ಕೈ ಬಂದ ದಾರಿಯಲ್ಲೇ ಇಳಿಯಿತು. "ಮಂಗಳವಾರವೇ? ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇವತ್ತು ಥಿಯೇಟರಿಗೆ ಬರ್ತಿದ್ರಾ? ಇಪ್ಪತ್ತಮೂರು ಜನಾನ ಮದುವೆ ಮನೆಗೆ ಕಳಿಸಿದ್ರಿ. ಉಳಿದಿದ್ದು ಒಂಬತ್ತು. ಖಾಲಿ ಇದೆಯಾ ಅಂತ ನೋಡೋಕೆ ನೀವು ಬಂದೇ ಬರ್ತೀರಿ ಅಂತ ನನಗೆ ಗೊತ್ತಿಲ್ವಾ? ಸೇದುರಾಮನ್ ಅಣ್ಣನಿಗೂ ಹೇಳಿಟ್ಟಿದ್ದೆ, ಹತ್ತನೆಯವರು ಸ್ವಲ್ಪ ತಡವಾಗಿ ಬರ್ತಾರೆ, ಕೌಂಟರ್ ಮುಚ್ಚಬೇಡಿ ಅಂತ."

ಎಂಟು ಹೆಂಗಸರು ಹೌದು ಹೌದು ಅಂತ ತಲೆಯಾಡಿಸಿದರು. ಮಾಯಾಂಡಿಗೆ ಅಂಗಳದ ಗೋಲಿಯಾಟ ನೆನಪಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದಕ್ಕೂ ಈಗ ಅವಕಾಶ ಇರಲಿಲ್ಲ. ಬಾಳೆಎಲೆಯ ಮೇಲಿದ್ದ ಮೀಸೆಯನ್ನು ಒಮ್ಮೆ ನೋಡಿ, ಇದನ್ನೀಗ ಏನು ಮಾಡುವುದು ಅಂತ ಸಣ್ಣ ಧ್ವನಿಯಲ್ಲಿ ಕೇಳಿದ.

ಪಂಚವರ್ಣಂ ಎದ್ದಳು. ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕರುಪ್ಪಣ್ಣಸಾಮಿಯ ಪಾದದ ಬಳಿ ಇಟ್ಟು, ಕೈಮುಗಿದು ಏನೋ ಪಿಸುಗುಟ್ಟಿದಳು. ವಾಪಸು ಬರುವಾಗ ಅವಳ ಮುಖ ಬೆಳಗುತ್ತಿತ್ತು. ದಾರಿಯಲ್ಲಿ ಬೀಳದ ಹಾಗೆ ಅವನ ತಲೆಯ ಟವೆಲನ್ನು ಸರಿಮಾಡಿ, ಮೂಗಿನ ಕೆಳಗೆ ಅಂಟಿದ್ದ ಒಂದೆರಡು ಕೂದಲನ್ನು ಸೆರಗಿನ ತುದಿಯಿಂದ ಒರೆಸಿದಳು.

"ಏನಂತ ಹೇಳ್ದೆ ದೇವರಿಗೆ?"

"ಇದು ಮುಂಗಡ ಅಂತ. ದೀಪಾವಳಿಗೆ ಅಣ್ಣನ ಇನ್ನೊಂದು ಪಿಕ್ಚರ್ ಬರ್ತಿದೆ, ಅದು ನೂರು ದಿನ ಓಡ್ಲಿ ಅಂತ."

ಮಾಯಾಂಡಿ ಮನೆಯ ದಾರಿ ಹಿಡಿದ. ಆಮೇಲೆ ಯಾರಿಗೂ ಕೇಳಿಸದ ಹಾಗೆ ಹೆಂಡತಿಯ ಹತ್ತಿರ ಬಗ್ಗಿ, ಆ ಪಿಕ್ಚರಿಗೆ ಬಾಗಿಲ ಹತ್ತಿರದ ಸೀಟು ನನಗಿರಲಿ, ಅಳುವಾಗ ಬೇಗ ಹೊರಗೆ ಬರಬೇಕು ಅಂದ.

"ಅದು ಮೊಣಕಾಲು ನೋವಿನವರಿಗೆ," ಅಂದಳು ಅಧ್ಯಕ್ಷೆ. "ನೀವು ಹೊಸ ಸದಸ್ಯರು. ಮೊದಲ ವರ್ಷ ಎಲ್ರಿಗೂ ಪಾಯಸದ ಹಂಡೆ ಹೊರೋ ಕೆಲಸ."